ನೋಡಿ ಬರೆದ ಚಿತ್ರ

‘ನೋಡಿ ಬರೆಯುವುದು’ ಎಂಬ ಮಾತಿಗೆ ನಮ್ಮ ಕಾಲೇಜುಗಳಲ್ಲಿ ಒಂದೇ ಅರ್ಥ. ಪರೀಕ್ಷೆಯ ಕೊಠಡಿಗಳಲ್ಲಿ ಇಪ್ಪತ್ತು ವರ್ಷ ಮೇಲ್ವಿಚಾರಕನಾಗಿ ಅಡ್ಡಾಡಿರುವ ನನ್ನಂಥವನಿಗೆ ಆ ಮಾತು ಕೇಳಿದೊಡನೆ ಕಣ್ಣು ತಾನಾಗಿ ಹಿಂದಿನ ಬೆಂಚಿನ ಕಡೆಗೆ ತಿರುಗುತ್ತದೆ. ಆದರೆ ಅಕ್ಷರ ಕಲಿತ ದಿನಗಳನ್ನು ನೆನೆದುಕೊಂಡರೆ ನಾವೆಲ್ಲರೂ ಮೊದಲು ಮಾಡಿದ ಕೆಲಸ ಇದೇ. ಮೇಷ್ಟರು ಸ್ಲೇಟಿನ ಮೇಲೆ ದಪ್ಪಗೆ ‘ಅ’ ಬರೆದುಕೊಟ್ಟರು. ನಾವು ಅದರ ಮೇಲೆ ತಿದ್ದಿದೆವು. ಕಾಪಿ ಪುಸ್ತಕದ ಮೊದಲ ಸಾಲು ಅಚ್ಚಿನದು, ಕೆಳಗಿನ ಸಾಲುಗಳು ನಮ್ಮವು. ಆ ಮೊದಲ ಸಾಲಿನ ಹೆಸರೇ ಕನ್ನಡದಲ್ಲಿ ಆದರ್ಶಕ್ಕೂ ಹೆಸರು: ಮೇಲ್ಪಂಕ್ತಿ. ಇಷ್ಟನ್ನು ನಾನು ಮರೆತಿದ್ದೆ. ಮರೆತದ್ದರಿಂದ ಒಬ್ಬ ವಿದ್ಯಾರ್ಥಿಗೆ ಅನ್ಯಾಯವಾಯಿತು. ಈ ಲೇಖನ ಅದರ ಬಗೆಗೆ. ಅದಕ್ಕಿಂತ ಹೆಚ್ಚಾಗಿ, ಅದರಿಂದ ನಾನು ಕಲಿತ ಒಂದು ಚಿತ್ರದ ಬಗೆಗೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಚಿತ್ರಪ್ರದರ್ಶನಕ್ಕೆ ತೀರ್ಪುಗಾರರಾಗಿ ಮೂವರನ್ನು ಕರೆದಿದ್ದರು. ಅವರಲ್ಲಿ ನಾನೊಬ್ಬ. ಕನ್ನಡದ ಅಧ್ಯಾಪಕನಿಗೂ ಚಿತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕಾವ್ಯಮೀಮಾಂಸೆ ಪಾಠ ಮಾಡುವವನಿಗೆ ಎಲ್ಲ ಕಲೆಗಳೂ ತಿಳಿದಿರುತ್ತವೆಂದು ನಮ್ಮ ಜನ ಭಾವಿಸುತ್ತಾರೆ. ನಾವೂ ಅದನ್ನು ಅಲ್ಲಗಳೆಯುವುದಿಲ್ಲ. ಗೋಡೆಯ ಕೊನೆಯಲ್ಲಿ ಒಂದು ನಿಸರ್ಗಚಿತ್ರವಿತ್ತು. ನದಿಯ ನೀರಿನಲ್ಲಿ ಕುದುರೆಗಳನ್ನು ಹೂಡಿದ ಖಾಲಿ ಬಂಡಿ, ಎಡಕ್ಕೆ ಮನೆ, ಬಲಕ್ಕೆ ಹುಲ್ಲುಗಾವಲು, ಮೇಲೆ ಮೋಡ ತುಂಬಿದ ಆಕಾಶ. ಕೆಳಗೆ ಚೀಟಿಯಲ್ಲಿ ‘ಕಾನ್‌ಸ್ಟೇಬಲನ ಚಿತ್ರವನ್ನು ಅನುಸರಿಸಿ, ಆಕ್ರಿಲಿಕ್’ ಎಂದು ಬರೆದಿತ್ತು. ನಾನು ಎರಡು ನಿಮಿಷ ನಿಂತು, “ನಕಲಿಗೆ ಬಹುಮಾನವೇ? ಇದನ್ನು ಸ್ಪರ್ಧೆಯಿಂದಲೇ ತೆಗೆದುಬಿಡೋಣ” ಎಂದೆ. ಎರಡನೆಯವರು ತಲೆಯಾಡಿಸಿದರು. ಮೂರನೆಯವರು ನಿವೃತ್ತ ಡ್ರಾಯಿಂಗ್ ಮೇಷ್ಟರು. ಅವರು ವಾದ ಮಾಡಲಿಲ್ಲ. ಹೊರಗೆ ಬರುವಾಗ ಮಾತ್ರ, “ನಾವು ಎರಡು ನಿಮಿಷ ನೋಡಿದ್ದನ್ನು ಆ ಹುಡುಗ ಎರಡು ತಿಂಗಳು ನೋಡಿದಾನೆ ಸ್ವಾಮಿ. ನೀವೂ ಒಂದು ಸಾರಿ ಬರೆದು ನೋಡಿ, ಆಮೇಲೆ ಹೇಳಿ” ಎಂದರು. ಹುಡುಗ ಬಾಗಿಲ ಬಳಿ ನಿಂತಿದ್ದ. ನಮ್ಮ ಮಾತು ಅವನಿಗೆ ಕೇಳಿಸಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಮೇಷ್ಟರ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕೊನೆಗೊಂದು ದಿನ ಅಂಗಡಿಗೆ ಹೋಗಿ ಆಕ್ರಿಲಿಕ್ ಬಣ್ಣದ ಟ್ಯೂಬುಗಳು, ಮೂರು ಬ್ರಷ್ಷುಗಳು, ಹನ್ನೆರಡು ಅಂಗುಲಕ್ಕೆ ಹದಿನೆಂಟು ಅಂಗುಲದ ಒಂದು ಕ್ಯಾನ್ವಾಸು ತಂದೆ. ಮನೆಯವರು ನಕ್ಕರು. ಒಂದು ಒಳ್ಳೆಯ ಅಚ್ಚಿನ ಪ್ರತಿಯನ್ನು ಎದುರಿಗಿಟ್ಟುಕೊಂಡು, ಆ ಹುಡುಗ ಬರೆದ ಚಿತ್ರವನ್ನೇ ಬರೆಯಲು ಕುಳಿತೆ. ನಾಲ್ಕು ತಿಂಗಳ ಭಾನುವಾರಗಳು ಅದಕ್ಕೆ ಹೋದವು.

ಮೊದಲು ಮೂಲಚಿತ್ರದ ವಿಷಯ ಹೇಳಬೇಕು. ಜಾನ್ ಕಾನ್‌ಸ್ಟೇಬಲ್ ಹುಟ್ಟಿದ್ದು 1776ರಲ್ಲಿ, ಇಂಗ್ಲೆಂಡಿನ ಸಫೋಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ. ತಂದೆಗೆ ಸ್ಟೌರ್ ನದಿಯ ದಡದ ಫ್ಲ್ಯಾಟ್‌ಫರ್ಡಿನಲ್ಲಿ ಹಿಟ್ಟಿನ ಗಿರಣಿಯಿತ್ತು. ಆ ಗಿರಣಿಯ ಬಳಿ ನಿಂತರೆ ಕಾಣುವ ನೋಟವೇ ಈ ಚಿತ್ರ. ಎಡಗಡೆಯದು ವಿಲ್ಲಿ ಲಾಟ್ ಎಂಬ ರೈತನ ಮನೆ. 1821ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇದನ್ನು ಪ್ರದರ್ಶಿಸಿದಾಗ ಕಲಾವಿದ ಕೊಟ್ಟ ಹೆಸರು ‘ಭೂದೃಶ್ಯ: ಮಧ್ಯಾಹ್ನ’ ಎಂದಷ್ಟೇ. ‘ಹುಲ್ಲಿನ ಬಂಡಿ’ ಎಂಬರ್ಥದ ‘ದಿ ಹೇ ವೇನ್’ ಎಂಬುದು ಅನಂತರ ನಿಂತ ಹೆಸರು. ಅಲ್ಲಿ ಅದನ್ನು ಯಾರೂ ಕೊಳ್ಳಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸುಮಾರು ನಾಲ್ಕೂಕಾಲು ಅಡಿ ಎತ್ತರ, ಆರು ಅಡಿ ಅಗಲದ ತೈಲಚಿತ್ರ. ನನ್ನ ಕ್ಯಾನ್ವಾಸು ಉದ್ದದಲ್ಲೂ ಅಗಲದಲ್ಲೂ ಅದರ ಕಾಲು ಭಾಗ.

ಅಚ್ಚಿನ ಪ್ರತಿಯ ಮೇಲೆ ಚೌಕಗಳ ಗೆರೆ ಎಳೆದು, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಗಳನ್ನು ಹಾಕಿ, ಒಂದೊಂದು ಚೌಕದಲ್ಲಿ ಇರುವುದನ್ನು ಮಾತ್ರ ಪೆನ್ಸಿಲಿನಿಂದ ಬರೆಯುವುದು ಮೊದಲ ಕೆಲಸ. ಮನೆ, ಬಂಡಿ, ಮರ ಇವುಗಳನ್ನು ಬರೆದಾದ ಮೇಲೆ ನನಗೆ ಕಂಡದ್ದು ಒಂದು ವಿಚಿತ್ರ. ಚಿತ್ರದ ಮುಂಭಾಗದಲ್ಲಿ ಏನೂ ಇಲ್ಲ. ದಡದ ಮೇಲೆ ಒಂದು ನಾಯಿ ನಿಂತು ಬಂಡಿಯ ಕಡೆ ನೋಡುತ್ತಿದೆ, ಅಷ್ಟೆ. ಉಳಿದದ್ದು ನೀರು. ಮಾತಿನಲ್ಲಿ ವಿವರಿಸುವಾಗ ‘ಏನೂ ಇಲ್ಲ’ ಎಂಬುದನ್ನು ಯಾರು ಹೇಳುತ್ತಾರೆ? ಆದರೆ ಚೌಕದ ನಂತರ ಚೌಕ ಖಾಲಿಯಾಗಿ ಕೈಗೆ ಸಿಕ್ಕಾಗ ಆ ಖಾಲಿತನವೂ ಒಂದು ವಸ್ತುವೆಂದು ತಿಳಿಯಿತು. ಈ ಚಿತ್ರಕ್ಕೆ ಮೊದಲು ಕಾನ್‌ಸ್ಟೇಬಲ್ ಅಷ್ಟೇ ದೊಡ್ಡದಾದ ಒಂದು ಕರಡು ಚಿತ್ರವನ್ನು ಬರೆದಿದ್ದ; ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನಾಯಿಯ ಪಕ್ಕದಲ್ಲಿ ಕುದುರೆಸವಾರನೊಬ್ಬನಿದ್ದಾನೆ. ಅಂತಿಮ ಚಿತ್ರದಲ್ಲಿ ಸವಾರನ ಜಾಗಕ್ಕೆ ಒಂದು ಪೀಪಾಯಿ ಬಂತು. ಆಮೇಲೆ ಅದನ್ನೂ ಬಣ್ಣದಿಂದ ಮುಚ್ಚಿಬಿಟ್ಟ. ನೋಡುವವನ ಕಣ್ಣು ಅಡ್ಡಿಯಿಲ್ಲದೆ ನೀರಿನ ಮೇಲೆ ಜಾರಿ ಬಂಡಿಯನ್ನು ಮುಟ್ಟಬೇಕೆಂಬುದು ಅವನ ಉದ್ದೇಶವಿರಬೇಕು. ಒಳ್ಳೆಯ ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳಿಗೆ ಇರುವ ಬೆಲೆಯನ್ನು ನಾನು ತರಗತಿಯಲ್ಲಿ ಬಹಳ ಸಲ ಹೇಳಿದ್ದೇನೆ. ಹೊಡೆದುಹಾಕುವ ಕೈಯ ನೋವನ್ನು ತಿಳಿದದ್ದು ಈಗ.

ಎರಡನೆಯ ಪಾಠ ಹಸುರಿನದು. ಟ್ಯೂಬಿನ ಹಸುರನ್ನು ತೆಗೆದು ಹುಲ್ಲುಗಾವಲಿಗೆ ಬಳಿದೆ. ಅದು ಹುಲ್ಲಾಗಲಿಲ್ಲ, ಹೊಸದಾಗಿ ಬಣ್ಣ ಹೊಡೆದ ಬಾಗಿಲಾಯಿತು. ಮೇಷ್ಟರನ್ನು ಹುಡುಕಿಕೊಂಡು ಹೋದೆ. ಅವರು, “ಆ ಟ್ಯೂಬನ್ನು ಪೆಟ್ಟಿಗೆಯಲ್ಲೇ ಇಡಿ. ಹಳದಿ ನೀಲಿ ಬೆರೆಸಿ ನೀವೇ ಮಾಡಿಕೊಳ್ಳಿ” ಎಂದರು. ಯೆಲ್ಲೋ ಓಕರ್, ಅಲ್ಟ್ರಾಮರೀನ್ ನೀಲಿ, ಚೂರು ಬರ್ನ್‌ಟ್ ಸಿಯೆನ್ನ, ಬಿಳಿ. ಇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತ ಹೋದಂತೆ ಪಿಂಗಾಣಿ ತಟ್ಟೆಯ ಮೇಲೆ ಹನ್ನೊಂದು ಹಸುರುಗಳಾದವು. ಆಗ ಅಚ್ಚಿನ ಪ್ರತಿಯನ್ನು ಮತ್ತೆ ನೋಡಿದರೆ ಹನ್ನೊಂದೂ ಅಲ್ಲಿದ್ದವು, ಇನ್ನೂ ಎಷ್ಟೋ ಇದ್ದವು. ಫ್ರೆಂಚ್ ಕಲಾವಿದ ದೆಲಾಕ್ರ್ವಾ ತನ್ನ ದಿನಚರಿಯಲ್ಲಿ ಇದೇ ಮಾತನ್ನು ಬರೆದಿಟ್ಟಿದ್ದಾನೆ: ಕಾನ್‌ಸ್ಟೇಬಲನ ಹುಲ್ಲುಗಾವಲಿನ ಹಸುರು ಮೇಲಾದದ್ದು ಅದು ಹಲವು ಹಸುರುಗಳಿಂದ ಕೂಡಿರುವುದರಿಂದ ಎಂದು. ಅದನ್ನು ನಾನು ಹಿಂದೆಯೇ ಓದಿದ್ದೆ, ಉಪನ್ಯಾಸದಲ್ಲಿ ಬಳಸಿಯೂ ಇದ್ದೆ. ಓದಿದ್ದಕ್ಕೂ ತಿಳಿದದ್ದಕ್ಕೂ ನಡುವೆ ಒಂದು ಪಿಂಗಾಣಿ ತಟ್ಟೆಯಷ್ಟು ಅಂತರವಿತ್ತು.

ಇನ್ನು ಆಕಾಶ. ಇಲ್ಲಿ ಬಣ್ಣದ ಜಾತಿಯ ಮಾತು ಬರುತ್ತದೆ. 1837ರಲ್ಲಿ ತೀರಿಕೊಂಡ ಕಾನ್‌ಸ್ಟೇಬಲನಿಗೆ ಆಕ್ರಿಲಿಕ್ ಗೊತ್ತಿರಲಿಲ್ಲ. ನೀರಿನಲ್ಲಿ ಕದಡುವ ಆಕ್ರಿಲಿಕ್ ಬಣ್ಣ ಅಮೆರಿಕದಲ್ಲಿ ಕಲಾವಿದರ ಕೈಗೆ ಬಂದದ್ದು 1950ರ ದಶಕದ ನಡುವೆ, ಇಂಗ್ಲೆಂಡಿನಲ್ಲಿ 1963ರಲ್ಲಿ. ತೈಲವರ್ಣ ಒಣಗಲು ದಿನಗಳು ಬೇಕು. ಆ ಅವಧಿಯಲ್ಲಿ ಮೋಡದ ಅಂಚನ್ನು ಒಣ ಬ್ರಷ್ಷಿನಿಂದ ಸವರಿ ನೀಲಿಯೊಳಗೆ ಕರಗಿಸಬಹುದು. ಆಕ್ರಿಲಿಕ್ಕಿನಲ್ಲಿ ನೀರು ಆರಿದೊಡನೆ ರಾಳದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಮತ್ತೆ ನೀರು ಹಾಕಿದರೂ ಕರಗುವುದಿಲ್ಲ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮೋಡದ ಅಂಚು ಕತ್ತರಿಯಿಂದ ಕತ್ತರಿಸಿದಂತೆ ನಿಂತುಬಿಟ್ಟಿತು. ಸಾಲದ್ದಕ್ಕೆ, ಹಸಿಯಾಗಿರುವಾಗ ಆ ರಾಳ ಹಾಲಿನಂತೆ ಬೆಳ್ಳಗಿದ್ದು ಆರಿದ ಮೇಲೆ ತಿಳಿಯಾಗುವುದರಿಂದ, ಬಣ್ಣ ಆರಿದಾಗ ಒಂದು ಛಾಯೆ ಕಪ್ಪಾಗುತ್ತದೆ. ಬೆಳಗ್ಗೆ ಸರಿಯೆನಿಸಿದ ಆಕಾಶ ಮಧ್ಯಾಹ್ನಕ್ಕೆ ಮಳೆಗಾಲದ್ದಾಗಿತ್ತು.

ಹೀಗಾಗಿ ಬೇರೆ ದಾರಿ ಹುಡುಕಬೇಕಾಯಿತು. ಬಣ್ಣವನ್ನು ನೀರಿನಿಂದ ಬಹಳ ತೆಳುವು ಮಾಡಿ, ಒಂದು ಪದರ ಆರಿದ ಮೇಲೆ ಇನ್ನೊಂದು ಪದರ ಹಾಕುತ್ತ, ಏಳೆಂಟು ಪದರಗಳಲ್ಲಿ ಮೋಡವನ್ನು ನಿಧಾನವಾಗಿ ಬೆಳೆಸುವುದು. ಮೂಲದ ಒಂದು ಸವರಿಕೆಗೆ ನನ್ನ ಎಂಟು ಪದರ. ಆಗ ಹೊಳೆದದ್ದು: ಇದು ನಕಲಲ್ಲ, ಅನುವಾದ. ಒಂದು ಭಾಷೆಯಲ್ಲಿ ಒಂದು ಪದದಿಂದ ಆಗುವ ಕೆಲಸಕ್ಕೆ ಇನ್ನೊಂದು ಭಾಷೆಯಲ್ಲಿ ಒಂದು ವಾಕ್ಯ ಬೇಕಾಗುತ್ತದೆ. ಪದಕ್ಕೆ ಪದ ಇಟ್ಟವನು ಕೆಡುತ್ತಾನೆ. ವ್ಯಾನ್ ಗಾಫ್ 1889 ಮತ್ತು 90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲ್ಲೆಯ ರೈತಜೀವನದ ಚಿತ್ರಗಳನ್ನು ಕಪ್ಪುಬಿಳುಪಿನ ಅಚ್ಚುಗಳಿಂದ ನೋಡಿ ಬಣ್ಣದಲ್ಲಿ ಬರೆದ. ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು. ಅದನ್ನು ಅವನೂ ತಮ್ಮನಿಗೆ ಬರೆದ ಕಾಗದದಲ್ಲಿ ಅನುವಾದವೆಂದೇ ಭಾವಿಸಿದ್ದಾನೆ. ಕನ್ನಡದವರಿಗೆ ಇದು ಹೊಸ ಮಾತಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದದ್ದು 1926ರಲ್ಲಿ. ಪರಭಾಷೆಯ ಕವಿತೆಗಳನ್ನು ಎದುರಿಗಿಟ್ಟುಕೊಂಡು ಕನ್ನಡದಲ್ಲಿ ಮತ್ತೆ ಬರೆಯುವ ಪ್ರಯತ್ನದಲ್ಲಿಯೇ ಹೊಸ ಕನ್ನಡ ಕವಿತೆಗೆ ಬೇಕಾದ ನಡೆ ಸಿಕ್ಕಿತು. ಆ ಪುಸ್ತಕವನ್ನು ‘ನಕಲು’ ಎಂದು ಸ್ಪರ್ಧೆಯಿಂದ ತೆಗೆದುಹಾಕುವ ಧೈರ್ಯ ನನಗಿರಲಿಲ್ಲ. ಹೆಸರಿಲ್ಲದ ಹುಡುಗನ ವಿಷಯದಲ್ಲಿ ಮಾತ್ರ ಆ ಧೈರ್ಯ ಬಂದಿತ್ತು.

ನೋಡಿ ಬರೆಯುವವನು ಗುಲಾಮನಾಗುತ್ತಾನೆ, ಸ್ವಂತಿಕೆ ಸತ್ತುಹೋಗುತ್ತದೆ ಎನ್ನುವವರಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಕಾನ್‌ಸ್ಟೇಬಲನ ಜೀವನವೇ ಇದಕ್ಕೆ ಉತ್ತರ ಹೇಳುತ್ತದೆ. ಹದಿನೇಳನೆಯ ಶತಮಾನದ ಕ್ಲಾಡ್ ಲೊರೇನನ ಭೂದೃಶ್ಯಗಳು ಅವನಿಗೆ ಮೇಲ್ಪಂಕ್ತಿ. ‘ಹೇ ವೇನ್’ ಬರೆದಾದ ಎರಡು ವರ್ಷಗಳ ಮೇಲೆ, 1823ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಸರ್ ಜಾರ್ಜ್ ಬೋಮಾಂಟನ ಮನೆಯಲ್ಲಿ ವಾರಗಟ್ಟಲೆ ಇದ್ದು ಅವನು ಕ್ಲಾಡನ ಚಿತ್ರಗಳನ್ನು ನೋಡಿ ಬರೆದ. ಅಷ್ಟು ದೊಡ್ಡ ಕಲಾವಿದ ಆ ವಯಸ್ಸಿನಲ್ಲಿ ಸ್ಲೇಟು ಹಿಡಿದು ಕುಳಿತದ್ದನ್ನು ಓದಿ, ಅದೇ ವಯಸ್ಸಿನ ಆಸುಪಾಸಿನಲ್ಲಿರುವ ನನಗೆ ಸಮಾಧಾನವಾಯಿತು. ಆದರೆ ಇದೇ ಬೋಮಾಂಟ್, ಭೂದೃಶ್ಯದ ಬಣ್ಣ ಹಳೆಯ ಪಿಟೀಲಿನಂತೆ ಕಂದಾಗಿರಬೇಕೆಂದು ವಾದಿಸಿದಾಗ, ಕಾನ್‌ಸ್ಟೇಬಲ್ ಒಂದು ಹಳೆಯ ಪಿಟೀಲನ್ನು ತಂದು ಮನೆಯ ಮುಂದಿನ ಹಸುರು ಹುಲ್ಲಿನ ಮೇಲೆ ಇಟ್ಟುತೋರಿಸಿದನೆಂದು ಅವನ ಚರಿತ್ರೆಕಾರ ಲೆಸ್ಲಿ ಹೇಳುತ್ತಾನೆ. ಗುರುವಿನಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ನೋಡಿ ಬರೆದವನಿಗೇ ಚೆನ್ನಾಗಿ ಗೊತ್ತು. ಇನ್ನೊಂದು ಸಂಗತಿ. ಈ ಚಿತ್ರವನ್ನು ಅವನು ಬರೆದದ್ದು ನದಿಯ ದಡದಲ್ಲಲ್ಲ, ಲಂಡನ್ನಿನ ಮನೆಯಲ್ಲಿ. ಬಂಡಿಯ ವಿವರ ಸಾಲದೆ ಊರಿಗೆ ಹೇಳಿಕಳಿಸಿದ. ಗೆಳೆಯ ಡಂಥಾರ್ನನ ಮಗ ಚಳಿಯಲ್ಲಿ ನಿಂತು ಬಂಡಿಯ ರೇಖಾಚಿತ್ರ ಮಾಡಿ ಕಳಿಸಿದ. ಚಿತ್ರಕ್ಕೆ ಹೆಸರು ಕೊಟ್ಟ ಬಂಡಿಯ ಹಿಂದೆ ಇನ್ನೊಬ್ಬನ ಕೈಬರಹವಿದೆ! ಪೂರ್ತಿ ಸ್ವಂತವಾದದ್ದು ಎಂದು ನಾವು ಯಾವುದನ್ನು ಹೇಳೋಣ?

ನೋಡಿ ಬರೆಯುವುದೆಂದರೆ ಹೊಗಳುವುದೂ ಅಲ್ಲ. ಮೂಲದ ಕೊರತೆ ಕೈಗೆ ಸಿಕ್ಕುವುದೂ ಹೀಗೆಯೇ. ಕುದುರೆಗಳ ಸಜ್ಜಿನ ಮೇಲೆ ಕಾನ್‌ಸ್ಟೇಬಲ್ ಇಟ್ಟಿರುವ ಕೆಂಪನ್ನು ನಾನು ಕಡೆಗೆ ಇಟ್ಟೆ. ಇಟ್ಟೊಡನೆ ಅಷ್ಟು ಹೊತ್ತು ಮಂಕಾಗಿದ್ದ ನನ್ನ ಹಸುರುಗಳೆಲ್ಲ ಎದ್ದು ಕುಳಿತವು. ಆ ಚಾತುರ್ಯಕ್ಕೆ ಕೈಮುಗಿದೆ. ಮರುವಾರ ಬಲಗಡೆಯ ದೂರದ ಬಯಲಿಗೆ ಬಂದೆ. ಅಲ್ಲಿ ಹುಲ್ಲು ಕೊಯ್ಯುವ ಆಳುಗಳಿದ್ದಾರೆ. ಅವರನ್ನು ಬರೆಯಲು ನನಗೆ ಬೇಕಾದದ್ದು ಬ್ರಷ್ಷಿನ ತುದಿಯಿಂದ ಇಟ್ಟ ಕೆಲವು ಬಿಳಿ ಚುಕ್ಕೆಗಳು ಮಾತ್ರ. ಬಂಡಿಯ ಒಂದು ಗಾಲಿಗೆ ಎರಡು ಭಾನುವಾರ. ಆ ದಿನದ ದುಡಿಮೆಯನ್ನೆಲ್ಲ ಮಾಡುತ್ತಿರುವ ಜನಕ್ಕೆ ಎರಡು ನಿಮಿಷ. 1822ರಲ್ಲಿ ಅದೇ ಪೂರ್ವ ಇಂಗ್ಲೆಂಡಿನಲ್ಲಿ ಕೂಲಿ ಸಾಲದ ರೈತಕಾರ್ಮಿಕರು ಯಂತ್ರಗಳನ್ನು ಒಡೆದು ದಂಗೆಯೆದ್ದರು. ಗಿರಣಿಯ ಯಜಮಾನನ ಮಗ ಕಂಡ ಮಧ್ಯಾಹ್ನದ ಶಾಂತಿ ಆ ಚುಕ್ಕೆಗಳ ದೂರದಿಂದ ಬಂದದ್ದು. ಇದರಿಂದ ಚಿತ್ರ ಸಣ್ಣದಾಗುವುದಿಲ್ಲ. ಆದರೆ ಅದು ಎಲ್ಲಿ ನಿಂತು ನೋಡಿದ ನೋಟವೆಂದು ತಿಳಿದಿರಬೇಕು. ಎರಡು ನಿಮಿಷ ನಿಂತು ನೋಡಿದ ವಿಮರ್ಶಕನಿಗೆ ಆ ಚುಕ್ಕೆಗಳೇ ಕಂಡಿರಲಿಲ್ಲ.

ಹಾಗೆಂದು ನೋಡಿ ಬರೆಯುವುದರಲ್ಲೇ ನಿಲ್ಲಬಹುದೆಂದು ನಾನು ಹೇಳುವುದಿಲ್ಲ. ಅಚ್ಚಿನ ಪ್ರತಿಯಲ್ಲಿ ಬಣ್ಣದ ಉಬ್ಬುತಗ್ಗು ಕಾಣುವುದಿಲ್ಲ, ಆರು ಅಡಿಯ ಎದುರು ನಿಂತ ಅನುಭವ ಸಿಕ್ಕುವುದಿಲ್ಲ. ಅದಕ್ಕಿಂತ ದೊಡ್ಡ ಮಿತಿ ಇನ್ನೊಂದು. ಕ್ಯಾನ್ವಾಸು ಮುಗಿದ ಮೇಲೆ ಬೇಸಗೆ ರಜೆಯಲ್ಲಿ ಊರಿಗೆ ಹೋದೆ. ಕೆರೆಯ ಏರಿಯ ಮೇಲೆ ಹುಣಿಸೆಯ ಮರದ ಕೆಳಗೆ ಕುಳಿತು, ಕಲಿತದ್ದನ್ನೆಲ್ಲ ಕೂಡಿಸಿ ನಮ್ಮ ಮಧ್ಯಾಹ್ನವನ್ನು ಬರೆಯಲು ಹೊರಟೆ. ಹನ್ನೊಂದು ಹಸುರುಗಳಲ್ಲಿ ಎಂಟು ವ್ಯರ್ಥವಾದವು. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಹಸುರು ಕಡಮೆ, ಮೋಡವಿಲ್ಲ, ನೆರಳು ಮರದ ಬುಡಕ್ಕೆ ಮುದುಡಿಕೊಂಡಿರುತ್ತದೆ. ಬೆಳಕು ವಸ್ತುಗಳನ್ನು ತೋರಿಸುವ ಬದಲು ಅಳಿಸುತ್ತದೆ. ಕಾನ್‌ಸ್ಟೇಬಲನ ಮಧ್ಯಾಹ್ನ ಒದ್ದೆ, ನಮ್ಮದು ಒಣ. ಅವನ ಬಣ್ಣಗಳನ್ನು ಹಿಡಿದುಕೊಂಡು ಕೆರೆಯ ಮುಂದೆ ಕುಳಿತ ನಾನು, ಹುಲ್ಲಿನ ಮೇಲೆ ಇಟ್ಟ ಪಿಟೀಲಾಗಿದ್ದೆ. ಆದರೆ ಇದು ಬೇರೆ ಎಂದು ಗೊತ್ತಾದದ್ದಾದರೂ ಹೇಗೆ? ಅವನ ಮಧ್ಯಾಹ್ನವನ್ನು ನಾಲ್ಕು ತಿಂಗಳು ತಿದ್ದಿದ್ದರಿಂದ. ಹಿಂದೆ ಆ ಕೆರೆಯ ಏರಿಯ ಮೇಲೆ ಮೂವತ್ತು ಬೇಸಗೆ ಓಡಾಡಿದಾಗ ನನಗೆ ಅದು ಕಂಡಿರಲಿಲ್ಲ. ಖಾಲಿ ಬಿಡುವುದು, ಬಣ್ಣವನ್ನು ಬೆರೆಸಿಕೊಳ್ಳುವುದು, ಒಂದು ಕೆಂಪಿಗಾಗಿ ಕಾಯುವುದು, ಈ ಮೂರು ಮಾತ್ರ ಇಲ್ಲಿಗೂ ಬಂದವು.

ಕಳ್ಳತನಕ್ಕೂ ಕಲಿಕೆಗೂ ನಡುವಣ ಗೆರೆ ತೆಳುವಾದದ್ದೇನೂ ಅಲ್ಲ. ಆ ಹುಡುಗ ಚೀಟಿಯಲ್ಲಿ ಮೂಲದ ಹೆಸರು ಬರೆದಿದ್ದ. ಪರೀಕ್ಷೆಯಲ್ಲಿ ನೋಡಿ ಬರೆಯುವವನು ಮುಚ್ಚಿಡುತ್ತಾನೆ, ಇವನು ತೋರಿಸಿದ್ದ. ಸ್ವಂತ ಕಲ್ಪನೆಯ ಚಿತ್ರಗಳ ಸಾಲಿನಲ್ಲಿ ಅದಕ್ಕೆ ಮೊದಲ ಬಹುಮಾನ ಕೊಡಬೇಕಾಗಿತ್ತೆಂದು ಈಗಲೂ ನಾನು ಹೇಳಲಾರೆ. ಆದರೆ ಅದನ್ನು ಗೋಡೆಯಿಂದ ಇಳಿಸಬಾರದಾಗಿತ್ತು. ನಮ್ಮ ಕಾಲೇಜುಗಳ ಪ್ರದರ್ಶನಗಳಲ್ಲಿ ‘ಮೇಲ್ಪಂಕ್ತಿಯನ್ನು ಅನುಸರಿಸಿದ ಚಿತ್ರಗಳು’ ಎಂದೇ ಬೇರೊಂದು ವಿಭಾಗವಿರಲಿ. ಪಕ್ಕದಲ್ಲಿ ಮೂಲದ ಅಚ್ಚನ್ನೂ ತೂಗುಹಾಕಲಿ. ತೀರ್ಪುಗಾರರು ಎರಡನ್ನೂ ಅರ್ಧ ಗಂಟೆ ನೋಡಿ ಮಾತಾಡಲಿ. ಸಾಧ್ಯವಾದರೆ, ಮೊದಲು ತಾವೂ ಒಂದನ್ನು ಬರೆದು ಬರಲಿ.

ನನ್ನ ಚಿತ್ರವನ್ನು ಮೇಷ್ಟರ ಮನೆಗೆ ತೆಗೆದುಕೊಂಡುಹೋಗಿ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. “ಆಕಾಶ ಪರವಾಗಿಲ್ಲ. ಆದರೆ ನಿಮ್ಮ ಬಂಡಿ ನೀರಿನ ಮೇಲೆ ನಿಂತಿದೆ ಸ್ವಾಮಿ, ನೀರಿನೊಳಗೆ ನಿಂತಿಲ್ಲ” ಎಂದರು. ನಿಜ. ಗಾಲಿಯ ಕೆಳಭಾಗವನ್ನು ತೆಳುವಾದ ಅಡ್ಡ ಸವರಿಕೆಗಳಿಂದ ಒಡೆದು, ಪ್ರತಿಬಿಂಬದೊಳಕ್ಕೆ ಇಳಿಸಬೇಕು. ಒಂದೇ ಒಂದು ಗಟ್ಟಿ ಗೆರೆ ಉಳಿದರೂ ಬಂಡಿ ತೇಲುತ್ತದೆ. ಬೇಗ ಆರುವ ಆಕ್ರಿಲಿಕ್ಕಿನಲ್ಲಿ ಅದು ಎಷ್ಟು ಕಷ್ಟವೆಂದು ಬಲ್ಲೆ. ನಾಲ್ಕು ಸಲ ಒರೆಸಿ ಬರೆದಿದ್ದೆ.

ಆಗ ನೆನಪಾಯಿತು. ಆ ಹುಡುಗನ ಚಿತ್ರದಲ್ಲಿ ಬಂಡಿ ನೀರಿನೊಳಗೇ ನಿಂತಿತ್ತು.

ಅವನು ಆ ವರ್ಷವೇ ಪದವಿ ಮುಗಿಸಿ ಹೋದನೆಂದು ಮೇಷ್ಟರು ಹೇಳಿದರು. ಎಲ್ಲಿದ್ದಾನೋ ಅವರಿಗೂ ಗೊತ್ತಿಲ್ಲ. ಈ ಪುರವಣಿ ಅವನ ಕಣ್ಣಿಗೆ ಬಿದ್ದರೆ, ತೀರ್ಪು ತಿದ್ದಿದೆಯೆಂದು ತಿಳಿಯಲಿ.